ಯಾರು ಹೇಳಿದ್ದು, ಎಲ್ಲಿದೆ, ಯಾವಾಗಿನದು: 4ರಿಂದ 7ನೇ ತರಗತಿಯ ಮಕ್ಕಳಿಗೆ ಮಾಹಿತಿ ಹುಡುಕಲು, ಪರೀಕ್ಷಿಸಲು ಕಲಿಸುವ ಚಟುವಟಿಕೆಗಳು

‘ಕರ್ನಾಟಕದ ಜಲಪಾತಗಳು’ ಎಂದು ಪ್ರಾಜೆಕ್ಟ್ ಕೊಟ್ಟರೆ ಮಾರನೇ ವಾರ ಬರುವುದು ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ ನಾಲ್ಕು ಬಣ್ಣದ ಪ್ರಿಂಟು, ಸುತ್ತ ಸ್ಕೆಚ್ ಪೆನ್ನಿನ ಅಂಚು. ಒಳಗೆ ಏನಿದೆ ಎಂದು ಕೇಳಿದರೆ ಮಗು ಟೀಚರ್ ಮುಖ ನೋಡುತ್ತದೆ. ಮಗುವನ್ನು ಬೈದು ಪ್ರಯೋಜನವಿಲ್ಲ. ಪ್ರಶ್ನೆ ಕಟ್ಟುವುದು, ಹುಡುಕುವುದು, ಸಿಕ್ಕಿದ್ದು ಸರಿಯೇ ಎಂದು ನೋಡುವುದು, ಸ್ವಂತ ಮಾತಿನಲ್ಲಿ ಬರೆಯುವುದು, ಎಲ್ಲಿಂದ ತಂದದ್ದು ಎಂದು ಹೇಳುವುದು, ಇವೆಲ್ಲ ಬೇರೆ ಬೇರೆ ಕೆಲಸಗಳು. ಒಂದನ್ನೂ ಕಲಿಸದೆ ಎಲ್ಲವನ್ನೂ ಒಟ್ಟಿಗೆ ಮಾಡಿಕೊಂಡು ಬಾ ಎಂದರೆ ಪ್ರಿಂಟೇ ಬರುತ್ತದೆ.

ಕೆಳಗಿನ ಚಟುವಟಿಕೆಗಳನ್ನು 35–40 ಮಕ್ಕಳ ತರಗತಿ, 40 ನಿಮಿಷದ ಪೀರಿಯಡ್ ಎಂದುಕೊಂಡು ಬರೆದಿದೆ. ಕಂಪ್ಯೂಟರ್ ಬೇಕಿಲ್ಲ. ಇಂಟರ್ನೆಟ್ಟನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇವೆ. ಬಿಸ್ಕತ್ ಪೊಟ್ಟಣದ ಹಿಂಬದಿಯನ್ನು ಓದಲು ಬಾರದ ಮಗುವಿಗೆ ಮೊಬೈಲ್ ಕೊಟ್ಟರೆ ಮೋಸ ಹೋಗುವ ವೇಗ ಹೆಚ್ಚುತ್ತದೆ, ಅಷ್ಟೇ. ವಾರಕ್ಕೊಂದು ಪೀರಿಯಡ್ ಸಾಕು. ಬ್ಯಾಗ್ ರಹಿತ ಶನಿವಾರ ಇದ್ದರೆ ಇನ್ನೂ ಅನುಕೂಲ.

ಮೊದಲು ಅಕಾರಾದಿ

ವರ್ಣಮಾಲೆಯನ್ನು ಗಡಗಡ ಹೇಳುವ ಮಗುವಿಗೂ ನಿಘಂಟಿನಲ್ಲಿ ಪದ ಸಿಗುವುದಿಲ್ಲ. ಹುಡುಕುವಾಗ ಮೂರು ಕಡೆ ಎಡವುವುದೇ ಇದಕ್ಕೆ ಕಾರಣ. ಆ ಮೂರನ್ನು ಬಿಡಿಸಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಬೇಕಾದದ್ದು: ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯಿಂದ ಕತ್ತರಿಸಿದ ಚೀಟಿಗಳು, ಐದು ಮಕ್ಕಳ ಗುಂಪಿಗೆ ಹತ್ತರಂತೆ. ಒಂದೊಂದು ಚೀಟಿಯಲ್ಲಿ ಒಂದು ಪದ, ಹಿಂದಿನ ಬೆಂಚಿಗೂ ಕಾಣುವಷ್ಟು ದೊಡ್ಡದಾಗಿ. ಮೊದಲ ಕಂತಿಗೆ ಈ ಪದಗಳು ಚೆನ್ನಾಗಿ ಕೆಲಸ ಮಾಡುತ್ತವೆ: ಬಳೆ, ಬಾವಿ, ಬಲೆ, ಬ್ರಾಹ್ಮಿ, ಬಂಡಿ, ಬಸವ, ಬೆಕ್ಕು, ಬತ್ತ, ಬಹಳ, ಬಟ್ಟೆ. ಏನೂ ವಿವರಿಸದೆ, ನಿಘಂಟಿನಲ್ಲಿ ಬರುವ ಹಾಗೆ ಜೋಡಿಸಿ ಎಂದು ಹೇಳಿ ಎಂಟು ನಿಮಿಷ ಬಿಡಿ. ಆಮೇಲೆ ಸರಿಯಾದ ಸಾಲನ್ನು ಬೋರ್ಡಿನ ಮೇಲೆ ಬರೆಯಿರಿ: ಬಂಡಿ, ಬಟ್ಟೆ, ಬತ್ತ, ಬಲೆ, ಬಸವ, ಬಹಳ, ಬಳೆ, ಬಾವಿ, ಬೆಕ್ಕು, ಬ್ರಾಹ್ಮಿ.

ತಪ್ಪುಗಳು ಸಾಮಾನ್ಯವಾಗಿ ಇದೇ ಮೂರು ಜಾಗದಲ್ಲಿ ಬೀಳುತ್ತವೆ. ಮೊದಲನೆಯದು ಸೊನ್ನೆ. ಬಾಯಿಪಾಠದಲ್ಲಿ ‘ಅಂ’ ಬರುವುದು ‘ಔ’ ಆದಮೇಲೆ. ಹೆಚ್ಚಿನ ನಿಘಂಟುಗಳಲ್ಲಿ ಸೊನ್ನೆ ಇರುವ ಪದ ಆಯಾ ಅಕ್ಷರದ ಮೊದಲಿಗೇ ಬಂದುಬಿಡುತ್ತದೆ. ನಿಮ್ಮ ಶಾಲೆಯ ನಿಘಂಟಿನಲ್ಲಿ ಹೇಗಿದೆ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಎರಡನೆಯದು ‘ಳ’. ಮಕ್ಕಳು ‘ಲ’ದ ಪಕ್ಕದಲ್ಲೇ ಇಡುತ್ತಾರೆ, ಅದರ ಜಾಗ ‘ಹ’ ಆದಮೇಲೆ, ಕಟ್ಟಕಡೆಗೆ. ಮೂರನೆಯದು ಒತ್ತಕ್ಷರ: ಬ, ಬಾ, ಬಿ ಎಂದು ‘ಬೌ’ವರೆಗಿನ ಗುಣಿತವೆಲ್ಲ ಮುಗಿದ ಮೇಲೆ ‘ಬ್ರ’. ಪದದ ಒಳಗೂ ಇದೇ ನಿಯಮ: ಅಕಾಲ, ಅಕ್ಕ, ಅಕ್ಷರ, ಆಮೇಲೆ ಅಖಂಡ. ಕಂಪ್ಯೂಟರಿನಲ್ಲಿ ಜೋಡಿಸಿದ ಕೆಲವು ಪಟ್ಟಿಗಳಲ್ಲಿ ‘ಳ’ ಮಾತ್ರ ‘ಲ’ ಆದ ಕೂಡಲೇ ಬರುತ್ತದೆ. ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅವೆರಡರ ಸಂಖ್ಯೆ ಅಕ್ಕಪಕ್ಕ ಇರುವುದೇ ಅದಕ್ಕೆ ಕಾರಣ. ಚುರುಕಾದ ಮಗುವೊಂದು ಇದನ್ನು ಹಿಡಿದು ತಂದು ತೋರಿಸಿದರೆ ತಬ್ಬಿಬ್ಬಾಗಬೇಡಿ.

ಎರಡನೇ ಪೀರಿಯಡ್‌ನಲ್ಲಿ ನಿಘಂಟನ್ನು ಕೈಗೆ ಕೊಡಿ. ಶಾಲೆಯಲ್ಲಿ ಒಂದೇ ಪ್ರತಿ ಇದ್ದರೆ ಬೇರೆ ಬೇರೆ ಅಕ್ಷರದ ಆರೇಳು ಪುಟಗಳನ್ನು ಝೆರಾಕ್ಸ್ ಮಾಡಿಸಿ ಹಂಚಿ. ಪುಟದ ನೆತ್ತಿಯಲ್ಲಿ ಅಚ್ಚಾದ ಪದಗಳನ್ನು ತೋರಿಸಿ, ‘ನಮ್ಮ ಪದ ಇದಕ್ಕಿಂತ ಹಿಂದೋ ಮುಂದೋ’ ಎಂದು ಕೇಳಿ ಪುಟ ತಿರುವಿಸಿ. ಮೊದಲ ಪುಟದಿಂದ ಒಂದೊಂದೇ ಮಗುಚಲು ಬಿಡಬೇಡಿ. ಆ ಚಾಳಿ ಬಿದ್ದರೆ ಮಗು ಬೇಸತ್ತು ನಿಘಂಟನ್ನೇ ದೂರ ಇಡುತ್ತದೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಪಾಠದಲ್ಲಿ ಮಗು ಓದುವುದು ‘ಬಂದನು’, ‘ಮರಗಳಲ್ಲಿ’, ‘ಕೊಂಡಳು’. ನಿಘಂಟಿನಲ್ಲಿ ಇರುವುದು ಬರು, ಮರ, ಕೊಳ್ಳು. ಪ್ರತ್ಯಯ ಕಳಚಿ ಮೂಲ ಪದ ಹಿಡಿಯದೆ ಹುಡುಕಿದರೆ ಏನೂ ಸಿಗದು. ಪಾಠದ ಒಂದು ಪ್ಯಾರಾದಿಂದ ಹತ್ತು ಪದ ಆರಿಸಿ, ‘ಹುಡುಕಬೇಕಾದ ಪದ ಯಾವುದು’ ಎಂದು ಮೊದಲು ಬರೆಸಿ, ಆಮೇಲೆ ಹುಡುಕಿಸಿ. ತಂದಳು, ನಿಂತಿತು, ಇದ್ದರು, ಸತ್ತವು ಇಂಥ ರೂಪ ಬದಲಾಗುವ ಕ್ರಿಯಾಪದಗಳು ಮೂರ್ನಾಲ್ಕಾದರೂ ಇರಲಿ. ವ್ಯಾಕರಣದ ಪಾಠ ಬೇರೆ ಮಾಡುವುದೇ ಬೇಡವಾಗುತ್ತದೆ.

ಪದ ಸಿಗದಿದ್ದರೆ ‘ಇಲ್ಲ’ ಎನ್ನುವ ಮೊದಲು ಮೂರು ಬಾಗಿಲು ತಟ್ಟಬೇಕು ಎಂಬ ನಿಯಮ ಮಾಡಿ. ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡಿ ನೋಡು: ‘ಬಾಷೆ’ ಇಲ್ಲ, ‘ಭಾಷೆ’ ಇದೆ. ಶ, ಷ, ಸ ಬದಲಿಸಿ ನೋಡು: ‘ವಿಶಯ’ ಇಲ್ಲ, ‘ವಿಷಯ’ ಇದೆ. ‘ಅ’ಕಾರ, ‘ಹ’ಕಾರ ಬದಲಿಸಿ ನೋಡು: ಮನೆಮಾತಿನಲ್ಲಿ ‘ಅಳ್ಳ’ ಎನ್ನುವ ಮಗು ‘ಹಳ್ಳ’ವನ್ನು ‘ಅ’ದಲ್ಲಿ ಹುಡುಕುತ್ತಿರುತ್ತದೆ. ಮುಂದೆ ಮೊಬೈಲಿನಲ್ಲಿ ಹುಡುಕುವಾಗಲೂ ಇದೇ ಅಭ್ಯಾಸ ಕೈ ಹಿಡಿಯುತ್ತದೆ.

ಪಠ್ಯಪುಸ್ತಕಕ್ಕೆ ಪದಸೂಚಿ

ಪರಿವಿಡಿ ನೋಡಿ ಪಾಠದ ಪುಟ ಹೇಳುವುದು ಐದು ನಿಮಿಷದ ಆಟ, ಅದನ್ನು ಬೇಗ ಮುಗಿಸಿ. ನಮ್ಮ ಪಠ್ಯಪುಸ್ತಕಗಳ ಕೊನೆಯಲ್ಲಿ ಪದಸೂಚಿ ಇರುವುದು ಅಪರೂಪ. ಹಾಗಾಗಿ ಮಕ್ಕಳಿಂದಲೇ ಅದನ್ನು ಮಾಡಿಸಬಹುದು. ಪರಿಸರ ಅಧ್ಯಯನ ಅಥವಾ ಸಮಾಜ ವಿಜ್ಞಾನದ ಒಂದೊಂದು ಪಾಠ ಒಂದೊಂದು ಗುಂಪಿಗೆ. ಪ್ರತಿ ಗುಂಪು ತನ್ನ ಪಾಠದಿಂದ ಎಂಟು ಮುಖ್ಯ ಪದ ಆರಿಸಿ, ಪ್ರತಿ ಪದಕ್ಕೆ ಒಂದು ಚೀಟಿ ಮಾಡಿ, ಪುಟದ ಸಂಖ್ಯೆ ಬರೆಯಲಿ. ಎಲ್ಲ ಚೀಟಿಗಳನ್ನು ಸೇರಿಸಿ ಅಕಾರಾದಿಯಲ್ಲಿ ಜೋಡಿಸಿ ಚಾರ್ಟಿಗೆ ಅಂಟಿಸಿ. ಎರಡು ಪೀರಿಯಡ್ ಹಿಡಿಯುತ್ತದೆ.

ಕೆಡುವುದು ಒಂದೇ ಕಡೆ: ‘ನೀರು’ ಎಂಬ ಪದ ಕಂಡ ಪುಟವನ್ನೆಲ್ಲ ಮಕ್ಕಳು ಬರೆದುಬಿಡುತ್ತಾರೆ. ಆ ಪುಟಕ್ಕೆ ಹೋದವನಿಗೆ ಆ ಪದದ ಬಗ್ಗೆ ಒಂದಾದರೂ ಹೊಸ ವಿಷಯ ಸಿಗಬೇಕು, ಇಲ್ಲದಿದ್ದರೆ ಪುಟ ಸಂಖ್ಯೆ ಬೇಡ ಎಂದು ಹೇಳಿ. ಪುಸ್ತಕ ಭಾಗ 1, ಭಾಗ 2 ಎಂದು ಬಂದಿದ್ದರೆ ಪುಟ ಸಂಖ್ಯೆಯ ಜೊತೆ ಭಾಗವನ್ನೂ ಬರೆಸಿ. ಇಲ್ಲವಾದರೆ ಚಾರ್ಟು ಗೊಂದಲದ ಗೂಡಾಗುತ್ತದೆ.

ಕಂಡದ್ದೋ, ಕೇಳಿದ್ದೋ, ಊಹಿಸಿದ್ದೋ

ಆಡುತ್ತಾ ಕಲಿಯುವ, ಒಂದರಿಂದ ಮೂರನೇ ತರಗತಿಯ ನಲಿಕಲಿ ಮಕ್ಕಳಿಗೂ ಇದನ್ನು ಬಾಯಿಮಾತಿನಲ್ಲೇ ಆಡಿಸಬಹುದು. ‘ಮಳೆ ಬಂತು’, ‘ಮಳೆ ಬಂತಂತೆ’, ‘ಮಳೆ ಬಂದಿರಬೇಕು’. ಮೂರರ ವ್ಯತ್ಯಾಸ ಯಾವ ಮಗುವಿಗೂ ಕಲಿಸಬೇಕಿಲ್ಲ, ನಾಲಿಗೆಯಲ್ಲೇ ಇದೆ. ಅದನ್ನು ಗಮನಕ್ಕೆ ತಂದರೆ ಸಾಕು.

ಒಂದು ಮಗುವನ್ನು ಹೊರಗೆ ಕಳಿಸಿ, ಅಂಗಳದಲ್ಲಿ ಏನೇನಿದೆ ನೋಡಿಕೊಂಡು ಬರಲಿ. ಬಂದು ಒಬ್ಬರಿಗೆ ಮಾತ್ರ ಕಿವಿಯಲ್ಲಿ ಹೇಳಲಿ. ಆ ಎರಡನೆಯ ಮಗು ತರಗತಿಗೆ ಹೇಳುವಾಗ ‘ಗೇಟಿನ ಹತ್ತಿರ ಸೈಕಲ್ ಇದೆ’ ಎನ್ನಬೇಕೋ, ‘ಇದೆಯಂತೆ’ ಎನ್ನಬೇಕೋ? ಇನ್ನೊಂದು: ಬೆಳಿಗ್ಗೆಯೇ ಒಂದು ಒದ್ದೆ ಕೊಡೆಯನ್ನು ವರಾಂಡದಲ್ಲಿ ಇಟ್ಟು, ಇದನ್ನು ನೋಡಿ ಏನು ಹೇಳಬಹುದು ಎಂದು ಕೇಳಿ. ‘ಮಳೆ ಬಂದಿದೆ’ ಎಂದವರಿಗೆ ನೀವೇ ನಲ್ಲಿಯಲ್ಲಿ ನೆನೆಸಿದ ಗುಟ್ಟು ಹೇಳಿ. ‘ಬಂದಿರಬೇಕು’ ಎಂದವರು ಬಚಾವ್.

ಆಮೇಲೆ ಹನ್ನೆರಡು ವಾಕ್ಯ ಓದುತ್ತಾ ಹೋಗಿ. ಮಕ್ಕಳು ಕಂಡದ್ದಕ್ಕೆ ಒಂದು ಬೆರಳು, ಕೇಳಿದ್ದಕ್ಕೆ ಎರಡು, ಊಹೆಗೆ ಮೂರು ಎತ್ತಲಿ. ಮೂಲೆಯಿಂದ ಮೂಲೆಗೆ ಓಡಿಸುವ ಆಟ ಇಪ್ಪತ್ತು ಮಕ್ಕಳಿಗೆ ಚೆನ್ನ, ನಲವತ್ತಕ್ಕೆ ಅಲ್ಲ. ವಾಕ್ಯಗಳಲ್ಲಿ ‘ನಾನು ಹುಟ್ಟಿದ್ದು ಇಂಥ ದಿನ’ ಎಂಬುದು ಇರಲೇಬೇಕು. ಎಲ್ಲರೂ ಒಂದು ಬೆರಳು ಎತ್ತುತ್ತಾರೆ. ನೀನು ಅದನ್ನು ಕಂಡೆಯಾ ಎಂದು ಕೇಳಿದ ಕೂಡಲೇ ತರಗತಿ ಗೊಳ್ಳೆನ್ನುತ್ತದೆ. ಹಾಗಾದರೆ ಖಾತ್ರಿ ಮಾಡಿಕೊಳ್ಳುವುದು ಹೇಗೆ? ಅಮ್ಮನ ಮಾತು, ತಾಯಿ ಕಾರ್ಡು, ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿ. ಇವುಗಳಲ್ಲಿ ಯಾವುದು ಹುಟ್ಟಿದ ಹೊತ್ತಿಗೇ ಬರೆದದ್ದು, ಯಾವುದು ವರ್ಷಗಳ ನಂತರ ಬರೆದದ್ದು ಎಂದು ಕೇಳಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡ ಹಿರಿಯರು ಊರೂರಲ್ಲೂ ಇದ್ದಾರೆ. ಮೊಹರು ಬಿದ್ದ ಕಾಗದವೂ ತಪ್ಪಿರಬಹುದು ಎಂದು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಈ ಆಟದಲ್ಲಿ ಒಂದು ಅಪಾಯವಿದೆ: ‘ಅಂತೆ’ ಬಂದರೆ ಸುಳ್ಳು ಎಂದು ಮಕ್ಕಳು ತೀರ್ಮಾನಿಸಿಬಿಡುತ್ತಾರೆ. ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಕೇಳಿದ್ದೇ, ಓದಿದ್ದೇ. ಕೇಳಿದ್ದು ಎಂದರೆ ಯಾರಿಂದ ಕೇಳಿದ್ದು ಎಂದು ಮುಂದಿನ ಪ್ರಶ್ನೆ ಕೇಳಬೇಕು, ಅಷ್ಟೇ. ಕಂಡದ್ದೆಲ್ಲ ನಿಜವೂ ಅಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಒದ್ದೆ ಕೊಡೆಯ ಜೊತೆಗೇ ಹೇಳಿ.

6–7ನೇ ತರಗತಿಗೆ ಇದರ ಮುಂದುವರಿಕೆ ಹಳೆಯ ದಿನಪತ್ರಿಕೆಯಲ್ಲಿ. ಇಬ್ಬರಿಗೊಂದು ಪುಟ ಕೊಟ್ಟು ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಮೂಲಗಳು ತಿಳಿಸಿವೆ’, ‘ಪೊಲೀಸರು ತಿಳಿಸಿದ್ದಾರೆ’, ‘ಆರೋಪಿಸಿದರು’ ಎಂಬ ಮಾತುಗಳಿಗೆ ಗೆರೆ ಎಳೆಸಿ. ಪ್ರತಿಯೊಂದರ ಪಕ್ಕ ‘ಯಾರು?’ ಎಂದು ಬರೆದು ಉತ್ತರ ಹುಡುಕಲಿ. ‘ಎನ್ನಲಾಗಿದೆ’ಗೆ ಉತ್ತರವೇ ಸಿಗುವುದಿಲ್ಲ. ಅದನ್ನು ಮಕ್ಕಳೇ ಕಂಡುಕೊಳ್ಳಲಿ. ಅಪರಾಧ ಸುದ್ದಿಯ ಪುಟವನ್ನು ಮೊದಲೇ ತೆಗೆದಿಡಿ. ಮಳೆ, ಬೆಳೆ, ಕ್ರೀಡೆ, ಜಿಲ್ಲಾ ಸುದ್ದಿ ಸಾಕು. ಸುದ್ದಿಯ ಹಾಗೆಯೇ ಅಚ್ಚಾಗಿ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಜಾಹೀರಾತು’ ಎಂದಿರುವ ಅರ್ಧ ಪುಟವೊಂದು ಸಿಕ್ಕರೆ ಜೋಪಾನ ಮಾಡಿಕೊಳ್ಳಿ, ಅದಕ್ಕೇ ಒಂದು ಪೀರಿಯಡ್ ಕೊಡಬಹುದು.

ಪೊಟ್ಟಣದ ಮುಂಬದಿ, ಹಿಂಬದಿ

ಪ್ರತಿ ಮಗು ಮನೆಯಿಂದ ಒಂದು ಖಾಲಿ ಪೊಟ್ಟಣ ತರಲಿ: ಬಿಸ್ಕತ್ತು, ಜ್ಯೂಸು, ಚಿಪ್ಸು, ಹಾಲಿನದು, ಸಾಂಬಾರ್ ಪುಡಿಯದು. ತೊಳೆದು ಒಣಗಿಸಿ ತರಲು ಹೇಳಿ, ಇಲ್ಲದಿದ್ದರೆ ಇರುವೆ ಗ್ಯಾರಂಟಿ.

ನೋಟ್‌ಬುಕ್ಕಿನ ಪುಟವನ್ನು ಎರಡಾಗಿ ಮಡಿಸಿ, ಎಡಕ್ಕೆ ‘ಮುಂಬದಿ ಏನು ಹೇಳುತ್ತದೆ’, ಬಲಕ್ಕೆ ‘ಹಿಂಬದಿ ಏನು ಹೇಳುತ್ತದೆ’ ಎಂದು ಬರೆಸಿ. ಎಡದಲ್ಲಿ ಮಾವಿನ ಚಿತ್ರ, ‘ತಾಜಾ’, ‘ಶಕ್ತಿ’, ‘ಹೊಸತು’ ಇಂಥವು ಬರುತ್ತವೆ. ಬಲದಲ್ಲಿ ತಯಾರಿಸಿದ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು, ತೂಕ, ಬೆಲೆ, ಏನೇನು ಹಾಕಿದ್ದಾರೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು, ಕಡಿಮೆಯದು ಕೊನೆಗೆ ಬರೆಯಬೇಕೆಂಬ ನಿಯಮವಿದೆ ಎಂದು ತಿಳಿಸಿ ಪ್ರಶ್ನೆ ಕೇಳಿ: ಮುಂಬದಿಯಲ್ಲಿ ದೊಡ್ಡದಾಗಿ ಕಾಣುವ ಮಾವು ಹಿಂಬದಿಯ ಸಾಲಿನಲ್ಲಿ ಎಷ್ಟನೆಯದು? ನೀರು, ಸಕ್ಕರೆ ಎಷ್ಟನೆಯವು?

ಎರಡು ಬದಿಯನ್ನೂ ಅಚ್ಚು ಹಾಕಿಸಿದ್ದು ಒಂದೇ ಕಂಪನಿ. ಆದರೂ ಧಾಟಿ ಬೇರೆ ಏಕೆ? ಮುಂದಿನದು ಕೊಳ್ಳಲಿ ಎಂದು ಬರೆದದ್ದು, ಹಿಂದಿನದು ಕಾನೂನು ಬರೆಯಲೇಬೇಕು ಎಂದದ್ದಕ್ಕೆ ಬರೆದದ್ದು. ‘ಇದನ್ನು ಯಾಕೆ ಬರೆದರು’ ಎಂಬ ಪ್ರಶ್ನೆಯನ್ನು ಮಕ್ಕಳು ಇಲ್ಲಿ ಕಲಿತುಬಿಡುತ್ತಾರೆ.

ತೊಂದರೆಗಳು: ಹಿಂಬದಿ ಬಹುತೇಕ ಇಂಗ್ಲಿಷ್‌ನಲ್ಲೇ ಇರುತ್ತದೆ. ಷುಗರ್, ಸಾಲ್ಟ್, ವೀಟ್ ಫ್ಲೋರ್, ಎಡಿಬಲ್ ಆಯಿಲ್, ಮಿಲ್ಕ್ ಸಾಲಿಡ್ಸ್, ನೆಟ್ ವೇಯ್ಟ್ ಇಂಥ ಹತ್ತು–ಹನ್ನೆರಡು ಪದಗಳನ್ನು ಅದೇ ಇಂಗ್ಲಿಷ್ ಅಕ್ಷರದಲ್ಲಿ, ಪಕ್ಕದಲ್ಲಿ ಕನ್ನಡ ಅರ್ಥದೊಂದಿಗೆ ಬೋರ್ಡಿನ ಮೇಲೆ ಬರೆದಿಡಿ. ಅಕ್ಷರ ತೀರಾ ಸಣ್ಣದಾದರೆ ಒಂದು ಭೂತಗನ್ನಡಿ ಸಾಕು. ಇನ್ನೊಂದು, ಇದನ್ನು ‘ಕುರುಕಲು ತಿಂಡಿ ಕೆಟ್ಟದ್ದು’ ಎಂಬ ಉಪನ್ಯಾಸ ಮಾಡಬೇಡಿ. ಮಕ್ಕಳು ನಿಮಗೆ ಬೇಕಾದ ಉತ್ತರ ಹೇಳಿ ಸುಮ್ಮನಾಗುತ್ತಾರೆ, ಪೊಟ್ಟಣ ಓದುವುದು ಅಲ್ಲಿಗೇ ನಿಲ್ಲುತ್ತದೆ.

ಎರಡು ಪುಸ್ತಕ ಎರಡು ಉತ್ತರ ಹೇಳಿದಾಗ

ಇಡೀ ಮಾಲಿಕೆಯಲ್ಲಿ ಒಂದೇ ಚಟುವಟಿಕೆ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ಶಾಲೆಯ ಬೀರುವಿನಲ್ಲಿರುವ ಹಳೆಯ ಸಾಮಾನ್ಯ ಜ್ಞಾನದ ಪುಸ್ತಕ, ಹಳೆಯ ನಕಾಶೆ, ಈಗಿನ ಪಠ್ಯಪುಸ್ತಕ, ಅಂಗಡಿಯಲ್ಲಿ ಸಿಗುವ ಚಾರ್ಟು, ಇಷ್ಟನ್ನು ಗುಡ್ಡೆ ಹಾಕಿಕೊಳ್ಳಿ. ರದ್ದಿಗೆ ಹಾಕಬೇಕಿದ್ದ ಹಳೆಯ ಪುಸ್ತಕವೇ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಗುಂಪಿಗೊಂದರಂತೆ ಹೇಳಿಕೆಯ ಚೀಟಿ ಕೊಡಿ. ಮಕ್ಕಳು ಎರಡು ಮೂಲಗಳಲ್ಲಿ ಹುಡುಕಿ, ಉತ್ತರ ಹೊಂದುತ್ತದೆಯೇ ನೋಡಿ, ಹೊಂದದಿದ್ದರೆ ಕಾರಣ ಹೇಳಿ ನಾಲ್ಕು ಡಬ್ಬಿಗಳಲ್ಲಿ ಒಂದಕ್ಕೆ ಹಾಕಬೇಕು: ಅಳತೆ ಬೇರೆ, ಕಾಲ ಬೇರೆ, ತಪ್ಪು, ಇನ್ನೂ ತೀರ್ಮಾನವಾಗಿಲ್ಲ. ಚೀಟಿಗಳಿಗೆ ಪರೀಕ್ಷಿಸಿದ ಕೆಲವು ಹೇಳಿಕೆಗಳು ಇಲ್ಲಿವೆ.

ಜೋಗ ಜಲಪಾತದ ಎತ್ತರ ಒಂದು ಕಡೆ 830 ಅಡಿ, ಇನ್ನೊಂದು ಕಡೆ 253 ಮೀಟರ್. ಮಕ್ಕಳು ಕೂಡಲೇ ‘ತಪ್ಪು’ ಎನ್ನುತ್ತಾರೆ. ಒಂದು ಅಡಿ ಎಂದರೆ 0.3048 ಮೀಟರ್ ಎಂದು ಕೊಟ್ಟು ಏಳನೇ ತರಗತಿಯವರಿಂದ ಗುಣಿಸಿ ನೋಡಿಸಿ: 252.98. ಎರಡೂ ಒಂದೇ. ಐದನೇ ತರಗತಿಗಾದರೆ ಮೀಟರ್ ಸ್ಕೇಲಿನ ಪಕ್ಕ ಒಂದಡಿ ಸ್ಕೇಲನ್ನು ಹಿಡಿದು, ಒಂದು ಮೀಟರಿಗೆ ಮೂರು ಅಡಿಗಿಂತ ಸ್ವಲ್ಪ ಹೆಚ್ಚು ಎಂದು ಕಣ್ಣಿಗೆ ಕಾಣಿಸಿ.

‘ಕರ್ನಾಟಕದಲ್ಲಿ 30 ಜಿಲ್ಲೆಗಳಿವೆ.’ 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಬಂದ ಮೇಲೆ 31. ಅದಕ್ಕೂ ಹಿಂದಿನ ನಕಾಶೆ ಅದರ ಕಾಲಕ್ಕೆ ಸರಿಯೇ ಇತ್ತು. ‘ಗುಲ್ಬರ್ಗ, ಬಿಜಾಪುರ’ ಎಂದಿರುವ ನಕಾಶೆಯೂ ಹಾಗೆಯೇ. 2014ರ ನವೆಂಬರ್ 1ರಿಂದ ಅವು ಕಲಬುರಗಿ, ವಿಜಯಪುರ. ‘ಸೌರಮಂಡಲದಲ್ಲಿ 9 ಗ್ರಹಗಳಿವೆ’ ಎಂಬ ಚಾರ್ಟು ಇನ್ನೂ ಎಷ್ಟೋ ಗೋಡೆಗಳ ಮೇಲಿದೆ. 2006ರಲ್ಲಿ ಪ್ಲೂಟೊ ಕುಬ್ಜ ಗ್ರಹಗಳ ಪಟ್ಟಿಗೆ ಹೋಯಿತು, ಉಳಿದದ್ದು 8.

ರಾಜ್ಯಗಳ ಸಂಖ್ಯೆಯ ಚೀಟಿಯನ್ನು ಚುರುಕಾದ ಗುಂಪಿಗೆ ಕೊಡಿ. 2010ರ ಪುಸ್ತಕದಲ್ಲಿ 28, 2016ರದ್ದರಲ್ಲಿ 29, ಈಗಿನದರಲ್ಲಿ ಮತ್ತೆ 28. 2014ರಲ್ಲಿ ತೆಲಂಗಾಣ ಸೇರಿತು, 2019ರಲ್ಲಿ ಜಮ್ಮು ಮತ್ತು ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾಯಿತು. ಹಳೆಯ ಪುಸ್ತಕದ 28ಕ್ಕೂ ಈಗಿನ 28ಕ್ಕೂ ಅಂಕಿ ಒಂದೇ, ಒಳಗಿನ ಪಟ್ಟಿ ಬೇರೆ. ಉತ್ತರ ಹೊಂದಿತು ಎಂದ ಮಾತ್ರಕ್ಕೆ ಪರಿಶೀಲನೆ ಮುಗಿಯಲಿಲ್ಲ ಎಂದು ಇದು ತೋರಿಸುತ್ತದೆ.

‘ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ.’ ಇದು ಬಹಳ ಪುಸ್ತಕಗಳಲ್ಲಿದೆ, ಎರಡು ಮೂಲ ನೋಡಿದರೂ ಹೊಂದುತ್ತದೆ. ಆದರೂ ಸರಿಯಲ್ಲ. 2012ರಲ್ಲಿ ಲಖನೌದ ಶಾಲಾ ಬಾಲಕಿಯೊಬ್ಬಳು ಮಾಹಿತಿ ಹಕ್ಕಿನ ಅಡಿಯಲ್ಲಿ ಕೇಳಿದಾಗ, ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆ ಎಂದು ಘೋಷಿಸಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯ ಉತ್ತರ ಕೊಟ್ಟಿತು. ಒಂದನ್ನು ನೋಡಿ ಇನ್ನೊಂದು ಬರೆದ ಪುಸ್ತಕಗಳು ಹತ್ತಿದ್ದರೂ ಅವನ್ನು ಹತ್ತು ಮೂಲ ಎನ್ನಲಾಗದು. ಘೋಷಿಸುವ ಅಧಿಕಾರ ಯಾರಿಗಿದೆಯೋ ಅವರನ್ನು ಕೇಳಬೇಕು. ಕೇಳಿದವಳು ತಮ್ಮ ಹಾಗೆಯೇ ಶಾಲೆಗೆ ಹೋಗುವ ಹುಡುಗಿ ಎಂಬುದು ಮಕ್ಕಳಿಗೆ ಬಹಳ ಹಿಡಿಸುತ್ತದೆ.

ಮುಳ್ಳಯ್ಯನಗಿರಿಯ ಎತ್ತರ ಕೆಲವೆಡೆ 1,930 ಮೀಟರ್, ಕೆಲವೆಡೆ 1,925. ಇದನ್ನು ತರಗತಿಯಲ್ಲಿ ಕೂತು ತೀರ್ಮಾನಿಸಲಾಗದು. ಎರಡನ್ನೂ ಮೂಲದ ಹೆಸರಿನೊಂದಿಗೆ ಬರೆದು ನಾಲ್ಕನೇ ಡಬ್ಬಿಗೆ ಹಾಕಿಸಿ. ಆ ಡಬ್ಬಿ ಖಾಲಿ ಇರಬಾರದು. ಪ್ರತಿ ಪ್ರಶ್ನೆಗೂ ಇಂದೇ ಉತ್ತರ ಸಿಗುತ್ತದೆ ಎಂಬ ಭ್ರಮೆ ಮೇಷ್ಟ್ರಿಗೂ ಒಳ್ಳೆಯದಲ್ಲ. ಇನ್ನೊಂದು ಚೀಟಿ, ‘ಕರ್ನಾಟಕದ ಜನಸಂಖ್ಯೆ 6.11 ಕೋಟಿ’: ‘2011ರ ಜನಗಣತಿಯಂತೆ’ ಎಂದು ಸೇರಿಸಿದರೆ ಮಾತ್ರ ಸರಿ. ವರ್ಷವಿಲ್ಲದ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬಾರದು ಎಂಬ ನಿಯಮವನ್ನು ಈ ಹೊತ್ತಿಗೆ ಜಾರಿಗೆ ತನ್ನಿ.

ಪುಸ್ತಕದ ವಯಸ್ಸು ನೋಡುವುದು ಹೇಗೆ ಎಂದು ಮೊದಲೇ ತೋರಿಸಿರಬೇಕು: ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಮುದ್ರಣದ ವರ್ಷ. ‘ಮೊದಲ ಮುದ್ರಣ 1998, ಹನ್ನೊಂದನೇ ಮುದ್ರಣ 2019’ ಎಂದಿದ್ದರೆ ಮಕ್ಕಳು 2019 ಎನ್ನುತ್ತಾರೆ. ಮರುಮುದ್ರಣದಲ್ಲಿ ಒಳಗಿನ ವಿಷಯ ಬದಲಾಗಿರಬೇಕೆಂದಿಲ್ಲ. ‘ಪರಿಷ್ಕೃತ’ ಎಂಬ ಪದ ಇದೆಯೇ ಹುಡುಕಿಸಿ.

ಊರ ಕೆರೆಯ ಬಗ್ಗೆ ಕೇಳುವುದು

‘ನಮ್ಮೂರ ಕೆರೆ’ ಎಂಬುದು ಪ್ರಶ್ನೆಯಲ್ಲ, ಬರೀ ವಿಷಯ. ಕೆರೆಯ ಬಗ್ಗೆ ತಮಗೆ ಗೊತ್ತಿಲ್ಲದ್ದನ್ನು ಮಕ್ಕಳು ಚೀಟಿಯಲ್ಲಿ ಬರೆಯಲಿ, ಒಂದು ಚೀಟಿಗೆ ಒಂದೇ ಪ್ರಶ್ನೆ. ಅವನ್ನು ಮೂರು ರಾಶಿ ಮಾಡಿಸಿ: ಹೋಗಿ ನೋಡಿದರೆ ತಿಳಿಯುವುದು, ಯಾರನ್ನಾದರೂ ಕೇಳಿದರೆ ತಿಳಿಯುವುದು, ಬರೆದಿಟ್ಟದ್ದರಲ್ಲಿ ಸಿಗುವುದು. ತೂಬು ಎಷ್ಟಿವೆ ಎಂಬುದು ಮೊದಲನೆಯದು. ಕೆರೆ ಕೊನೆಯ ಸಲ ಕೋಡಿ ಬಿದ್ದದ್ದು ಯಾವಾಗ ಎಂಬುದು ಎರಡನೆಯದು. ವಿಸ್ತೀರ್ಣ ಎಷ್ಟು ಎಕರೆ ಎಂಬುದು ಮೂರನೆಯದು, ಪಂಚಾಯಿತಿಯಲ್ಲೋ ಗ್ರಾಮ ಆಡಳಿತ ಅಧಿಕಾರಿಯ ಬಳಿಯೋ ಇರುತ್ತದೆ. ‘ಕೆರೆಯ ಮಹತ್ವವೇನು’ ಎಂಬ ಪರೀಕ್ಷೆಯ ಪ್ರಶ್ನೆ ಒಂದಾದರೂ ಬಂದೇ ಬರುತ್ತದೆ. ಅದು ಯಾವ ರಾಶಿಗೂ ಸೇರುವುದಿಲ್ಲ. ‘ಕೆರೆ ಬತ್ತಿದ ವರ್ಷ ಯಾರಿಗೆ ಏನು ಕಷ್ಟವಾಯಿತು’ ಎಂದು ಬದಲಿಸಿಕೊಟ್ಟರೆ ಕೇಳಲು ಬರುವ ಪ್ರಶ್ನೆಯಾಗುತ್ತದೆ.

ಕೇಳಲು ಹೋಗುವಾಗ ಇಬ್ಬರಿಬ್ಬರು ಹೋಗಲಿ, ಒಬ್ಬರು ಕೇಳಲು, ಒಬ್ಬರು ಬರೆಯಲು. ‘ಅಜ್ಜ, ನೀವೇ ಕಂಡದ್ದಾ, ಯಾರಾದರೂ ಹೇಳಿದ್ದಾ?’ ಎಂಬ ಪ್ರಶ್ನೆ ಕಡ್ಡಾಯ. ಒಂದೇ ಪ್ರಶ್ನೆಯನ್ನು ಇಬ್ಬರು ಹಿರಿಯರಿಗೆ ಬೇರೆ ಬೇರೆಯಾಗಿ ಕೇಳಬೇಕು. ಒಬ್ಬರ ಮುಂದೆ ಇನ್ನೊಬ್ಬರನ್ನು ಕೇಳಿದರೆ ಎರಡನೆಯವರು ತಲೆಯಾಡಿಸಿ ಬಿಡುತ್ತಾರೆ. ವರ್ಷ ನೆನಪಿಲ್ಲ ಎಂದರೆ ‘ನಿಮ್ಮ ಮದುವೆಗೆ ಮುಂಚೆಯೋ ಆಮೇಲೋ’ ಎಂದು ಕೇಳುವ ಉಪಾಯ ಹೇಳಿಕೊಡಿ. ಗದ್ದೆಗಳಿಗೆ ಕೆರೆಯ ನೀರು ಬಿಡುವ ನೀರಗಂಟಿ, ಮೀನು ಹಿಡಿಯುವವರು, ಬಟ್ಟೆ ಒಗೆಯಲು ಹೋಗುತ್ತಿದ್ದ ಅಜ್ಜಿಯರು, ಒಬ್ಬೊಬ್ಬರಿಗೆ ಕೆರೆಯ ಒಂದೊಂದು ಮುಖ ಗೊತ್ತು. ಹೆಂಗಸರನ್ನು ಬಿಟ್ಟು ಊರ ಯಜಮಾನರ ಬಳಿ ಮಾತ್ರ ಹೋಗುವ ರೂಢಿಯನ್ನು ಮೊದಲೇ ತಪ್ಪಿಸಿ. ಪುಸ್ತಕ ಬೇಕಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಗುಂಪಾಗಿ ಕಳಿಸುವ ಮೊದಲು ತೆರೆದಿರುವ ಸಮಯ ವಿಚಾರಿಸಿಕೊಳ್ಳಿ.

ಮುಚ್ಚಿ ಬರೆ

ನಕಲು ತಪ್ಪಿಸಲು ಇದೊಂದೇ ಸಾಕು. ಆರೇಳು ವಾಕ್ಯದ ಒಂದು ಪ್ಯಾರಾ ಓದು. ಪುಸ್ತಕ ಮುಚ್ಚು. ಪಕ್ಕದವರಿಗೆ ಬಾಯಲ್ಲಿ ಹೇಳು. ಆಮೇಲೆ ಮೂರು ಅಂಶ ಬರೆ. ಪುಸ್ತಕ ತೆರೆದು ಹೆಸರು, ಇಸವಿ, ಅಂಕಿ ಮಾತ್ರ ಸರಿ ನೋಡಿಕೋ. ಬಾಯಲ್ಲಿ ಹೇಳುವ ಹಂತವನ್ನು ಬಿಟ್ಟರೆ ಮಕ್ಕಳು ವಾಕ್ಯವನ್ನು ಉರುಹೊಡೆದು ಹಾಗೆಯೇ ಇಳಿಸುತ್ತಾರೆ. ಕೊನೆಗೆ ಒಂದು ಸಾಲು: ಪುಸ್ತಕದ ಹೆಸರು, ಪುಟ, ಮುದ್ರಣದ ವರ್ಷ. ಹೇಳಿದವರು ಮನುಷ್ಯರಾದರೆ ಅವರು ಯಾರು, ಯಾವ ದಿನ ಹೇಳಿದರು. ನಾಲ್ಕನೇ ತರಗತಿಗೆ ಹೆಸರು, ಪುಟ ಸಾಕು.

ವಾಟ್ಸಾಪ್ ಮತ್ತು ಮೊಬೈಲ್, 6–7ಕ್ಕೆ ಮಾತ್ರ

‘ಯುನೆಸ್ಕೋ ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಅತ್ಯುತ್ತಮ ಎಂದು ಘೋಷಿಸಿದೆ, ಎಲ್ಲರಿಗೂ ಕಳಿಸಿ’ ಎಂಬ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಅಂಥ ಘೋಷಣೆ ಮಾಡಿಲ್ಲ ಎಂದು ಯುನೆಸ್ಕೋ ಹೇಳಿಯಾಗಿದೆ. ಇದನ್ನು ಬೋರ್ಡಿನ ಮೇಲೆ ಬರೆದು ಕೇಳಿ: ಬರೆದವರ ಹೆಸರಿದೆಯೇ? ಯಾವ ದಿನ ಘೋಷಿಸಿದರು? ಪತ್ರಿಕೆಯಲ್ಲಿ ಬಂದಿತ್ತೇ? ‘ಎಲ್ಲರಿಗೂ ಕಳಿಸಿ’ ಎಂದು ಯಾಕೆ ಹೇಳುತ್ತಿದೆ? ಸಂದೇಶ ಸುಳ್ಳಾದರೆ ರಾಷ್ಟ್ರಗೀತೆಯ ಗೌರವ ಕಡಿಮೆಯಾಯಿತೇ? ಕೊನೆಯ ಪ್ರಶ್ನೆ ಮುಖ್ಯ. ನಮಗೆ ಇಷ್ಟವಾದದ್ದನ್ನು ಪರೀಕ್ಷಿಸದೆ ನಂಬುತ್ತೇವೆ ಎಂಬುದು ಮಕ್ಕಳಿಗೆ ಹೊಳೆಯುವುದು ಅಲ್ಲಿ.

ಜಾತಿ, ಧರ್ಮ, ಪಕ್ಷದ ಸಂದೇಶಗಳನ್ನು ತರಗತಿಗೆ ತರಬೇಡಿ. ಚರ್ಚೆ ಮಕ್ಕಳ ಕೈ ಮೀರಿ ಮನೆಗಳಿಗೆ ಹೋಗುತ್ತದೆ. ಮಗು ಮನೆಗೆ ಹೋಗಿ ‘ತಾತ, ನೀವು ಕಳಿಸಿದ್ದೆಲ್ಲ ಸುಳ್ಳು’ ಎಂದು ಬೈಸಿಕೊಳ್ಳದಂತೆ, ‘ತಾತ, ಇದನ್ನು ಯಾರು ಕಳಿಸಿದರು?’ ಎಂದು ಕೇಳುವ ಬಗೆಯನ್ನು ಇಬ್ಬರನ್ನು ನಿಲ್ಲಿಸಿ ಅಭಿನಯ ಮಾಡಿಸಿ.

ಫೋಟೊಗೆ ಒಂದು ಸುಲಭದ ಆಟ: ನೀರು ನಿಂತ ರಸ್ತೆಯ ಒಂದು ಚಿತ್ರವನ್ನು ಮೂರು ಗುಂಪಿಗೆ ಕೊಡಿ, ಅಡಿಬರಹ ಮಾತ್ರ ಬೇರೆ ಬೇರೆ ಇರಲಿ. ಒಂದರಲ್ಲಿ ‘ಭಾರಿ ಮಳೆ’, ಒಂದರಲ್ಲಿ ‘ಪೈಪ್ ಒಡೆದು ನೀರು ಪೋಲು’, ಒಂದರಲ್ಲಿ ‘ಕೆರೆ ಕೋಡಿ’. ಪ್ರತಿ ಗುಂಪು ತನ್ನ ಚಿತ್ರ ಏನು ತೋರಿಸುತ್ತದೆ ಎಂದು ಹೇಳಿದ ಮೇಲೆ ಮೂರನ್ನೂ ಒಟ್ಟಿಗೆ ಬೋರ್ಡಿಗೆ ಅಂಟಿಸಿ.

ಹುಡುಕುವುದನ್ನು ಟೀಚರ್ ಮೊಬೈಲಿನಲ್ಲಿ ಮಾಡಿ ತೋರಿಸಿದರೆ ಸಾಕು. ಹುಡುಕುವ ಮಾತನ್ನು ಮಕ್ಕಳೇ ಬರೆದು ಕೊಡಲಿ. ‘ಜೋಗ’ ಎಂದು ಬರೆದಾಗ ಏನು ಬರುತ್ತದೆ, ‘ಜೋಗ ಜಲಪಾತ ಎತ್ತರ ಮೀಟರ್’ ಎಂದಾಗ ಏನು ಬರುತ್ತದೆ, ಎರಡನ್ನೂ ತೋರಿಸಿ. ಮೊದಲ ಫಲಿತಾಂಶ ಹಣ ಕೊಟ್ಟು ಹಾಕಿಸಿದ್ದಿರಬಹುದು. ಮೇಲ್ಗಡೆ ಸಿದ್ಧ ಉತ್ತರ ಬಂದರೆ ಅದು ಯಾವ ಪುಟದಿಂದ ಬಂತು ಎಂದು ತೆರೆದು ನೋಡಿ. ಮೂಲ ತೋರಿಸದ ಉತ್ತರವನ್ನು ‘ಅಂತೆ’ ಸೇರಿಸಿಯೇ ಓದಿ.

ಅಂಕ ಕೊಡುವುದು

ಈ ಚಟುವಟಿಕೆಗಳಿಗೆ ಪ್ರತ್ಯೇಕ ಪರೀಕ್ಷೆ ಬೇಡ. ಮುಂದಿನ ಪ್ರಾಜೆಕ್ಟನ್ನು ಬೇರೆ ರೀತಿ ಕೊಡಿ: ‘ಕರ್ನಾಟಕದ ಜಲಪಾತಗಳು’ ಬದಲು ‘ಎರಡು ಪುಸ್ತಕಗಳಲ್ಲಿ ಜೋಗದ ಬಗ್ಗೆ ಹೊಂದದ ಒಂದು ಸಂಗತಿ ಹುಡುಕಿ, ಯಾಕೆ ಹೊಂದುವುದಿಲ್ಲ ಹೇಳಿ’. ಅರ್ಧ ಪುಟ ಸಾಕು, ಕೈಬರಹದಲ್ಲೇ ಇರಲಿ. 10 ಅಂಕದಲ್ಲಿ ಪ್ರಶ್ನೆಗೆ 2, ಎರಡು ಮೂಲಕ್ಕೆ 3, ಸ್ವಂತ ಮಾತಿಗೆ 3, ಮೂಲದ ಸಾಲಿಗೆ 2. ಚಿತ್ರಕ್ಕೂ ಅಂಚಿನ ಅಲಂಕಾರಕ್ಕೂ ಅಂಕವಿಲ್ಲ ಎಂದು ಪೋಷಕರ ಸಭೆಯಲ್ಲೇ ಹೇಳಿಬಿಡಿ, ಇಲ್ಲದಿದ್ದರೆ ಝೆರಾಕ್ಸ್ ಅಂಗಡಿಯ ಮುಂದೆ ಮತ್ತೆ ಸಾಲು ನಿಲ್ಲುತ್ತದೆ. ‘ಹುಡುಕಿದೆ, ಸಿಗಲಿಲ್ಲ, ಇಷ್ಟು ಕಡೆ ನೋಡಿದೆ’ ಎಂದು ಬರೆದು ತಂದ ಮಗುವಿಗೆ ಮೂಲದ 3 ಅಂಕವನ್ನು ಪೂರ್ತಿ ಕೊಡಿ.